ಕುಪ್ಪೇಲೂರಿನ ರೊಟ್ಟಿ ಡಬ್ಬಿ

ಬ್ಯಾಡಗಿಗೆ ನಾನು ಬಂದದ್ದೇ ಸೀನುತ್ತಾ. ಬಸ್ಸು ಊರು ಮುಟ್ಟುವ ಮೊದಲೇ ಕಿಟಕಿಯಿಂದ ಏನೋ ಒಳಗೆ ನುಗ್ಗಿ ಮೂಗು, ಗಂಟಲು, ಕಣ್ಣು ಮೂರನ್ನೂ ಒಟ್ಟಿಗೆ ಹಿಡಿಯಿತು. ಸೀನಿದೆ, ಕೆಮ್ಮಿದೆ, ಅಳು ಬಾರದೆಯೇ ಅತ್ತೆ. ಬಸ್ಸಿನಲ್ಲಿ ಬೇರೆ ಯಾರೂ ಸೀನಲಿಲ್ಲ. ಹೊರಗೆ ನೋಡಿದರೆ ಮಣ್ಣು ಕಾಣಬೇಕಾದ ಕಡೆಯೆಲ್ಲ ಕೆಂಪು ಮೆಣಸಿನಕಾಯಿ. ಹೆಂಗಸರು ಅದರ ನಡುವೆ ಕೂತು, ಮನೆಯ ಜಗಲಿಯಲ್ಲಿ ಕೂತಷ್ಟೇ ಆರಾಮಾಗಿ ಮಾತಾಡುತ್ತಾ ತೊಟ್ಟು ಮುರಿಯುತ್ತಿದ್ದರು.

ಪಕ್ಕದ ಸೀಟಿನ ಹೆಂಗಸು ನನ್ನ ಅವಸ್ಥೆ ನೋಡಿ ನಕ್ಕಳು. "ಹೊಸಬರೇನ್ರಿ? ಸೆರಗ ಮೂಗಿಗೆ ಹಿಡ್ಕೋರಿ. ಸ್ವಲ್ಪ ದಿನ ಹಿಂಗ ಸೀನ್ತೀರಿ, ಆಮ್ಯಾಲ ನಿಮ್ಮ ಮೂಗು ನಮ್ಮದ ಆಗತೈತಿ."

ನಾನು ತೊಟ್ಟದ್ದು ಚೂಡಿದಾರ, ಸೆರಗು ಎಲ್ಲಿಂದ ತರಲಿ? ದುಪಟ್ಟಾ ಹಿಡಿದುಕೊಂಡೆ. ಇನ್ನೊಂದು ಕೈ ಬ್ಯಾಗಿನೊಳಗೆ ಒಂದು ಪುಟ್ಟ ಗಾಜಿನ ಸೀಸೆಯನ್ನು ಹಿಡಿದಿತ್ತು. ಅದರಲ್ಲಿ ಕಿತ್ತಳೆ ಬಣ್ಣದ ಒಂದು ಪುಡಿ. ಕರಾವಳಿಯಲ್ಲಿ ಕೂತು ಇದನ್ನು ಓದುತ್ತಿರುವ ನೀವು, ಸಮುದ್ರದ ಊರಿನ ಹುಡುಗಿ ಮೆಣಸಿನಕಾಯಿಯ ಊರಿಗೆ ಯಾಕೆ ಹೋದಳು ಎಂದು ಕೇಳುತ್ತೀರಿ. ನೆಪ ನೌಕರಿ. ಕಾರಣ ಆ ಸೀಸೆ.

ಅಸಿಟಿಲೀನ್ ನಿಮಗೆ ಗೊತ್ತಿರುವ ಗ್ಯಾಸೇ. ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣ ಕತ್ತರಿಸಲು ಉರಿಸುತ್ತಾರಲ್ಲ, ಅದು. ಅದರ ಅಣುಗಳನ್ನು ಕೈಗೆ ಕೈ ಕೊಟ್ಟು ಉದ್ದಕ್ಕೆ ಸರಪಳಿ ಮಾಡಿದರೆ ಲೋಹದಂತೆ ಹೊಳೆಯುವ ಕಪ್ಪು ಹಾಳೆ ಸಿಗುತ್ತದೆ. ಅದಕ್ಕೆ ಅಯೋಡಿನ್ ಆವಿ ಕುಡಿಸಿದರೆ, ಪ್ಲಾಸ್ಟಿಕ್ಕಿನ ಜಾತಿಯದಾದರೂ, ತಂತಿಯ ಹಾಗೆ ವಿದ್ಯುತ್ ಹರಿಸುತ್ತದೆ. ಆದರೆ ಗಾಳಿ ತಾಗಿದರೆ ಕೆಡುತ್ತದೆ, ಯಾವುದರಲ್ಲೂ ಕರಗುವುದಿಲ್ಲ. ಅದಕ್ಕೆ ರಸಾಯನಶಾಸ್ತ್ರದವರು ಸರಪಳಿಯ ಒಂದು ಬಿಟ್ಟು ಒಂದು ಇಂಗಾಲಕ್ಕೆ ಬೇರೆ ಗುಂಪೊಂದನ್ನು ಪಕ್ಕಕ್ಕೆ ತಗುಲಿಸಿದರು. ಈಗ ಕರಗುತ್ತದೆ, ಬಾಳಿಕೆಯೂ ಬರುತ್ತದೆ. ಆದರೆ ಕೈ ಹಿಡಿದು ಸಾಲಾಗಿ ನಿಂತವರ ಹೆಗಲಿಗೆ ಒಂದೊಂದು ಮೂಟೆ ಹೊರಿಸಿದರೆ ಏನಾಗುತ್ತದೆ? ಒಬ್ಬೊಬ್ಬರು ಒಂದೊಂದು ಕಡೆ ತಿರುಗುತ್ತಾರೆ. ಸಾಲು ತಿರುಚಿಕೊಂಡು ಇಲೆಕ್ಟ್ರಾನು ಓಡುವ ದಾರಿ ಅಲ್ಲಲ್ಲಿ ಕಡಿಯುತ್ತದೆ. ಕಪ್ಪು ಹೋಗಿ ಹಳದಿ, ಕಿತ್ತಳೆ, ಕೆಂಪು ಬಣ್ಣ ಬರುತ್ತದೆ, ವಿದ್ಯುತ್ ಹೆಚ್ಚು ಕಡಿಮೆ ನಿಂತೇ ಹೋಗುತ್ತದೆ.

ಪಾಲಿಮರ್ ಎಂಬ ಇಂಥ ಸರಪಳಿಗಳನ್ನು ಮಾಡುವುದರಲ್ಲಿ ನಾನು ಗಟ್ಟಿಗಿತ್ತಿಯಾಗಿದ್ದೆ, ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ರೋಡಿಯಂ ಎಂಬ ದುಬಾರಿ ಲೋಹದ ವೇಗವರ್ಧಕ ಚಿಟಿಕೆಯಷ್ಟು ಹಾಕಿದರೆ ನೀರಿನಂತಿದ್ದ ದ್ರಾವಣ ನೋಡುನೋಡುತ್ತಲೇ ಗಂಜಿಯಾಗುತ್ತದೆ. ಅದನ್ನು ಮೆಥನಾಲಿಗೆ ಸುರಿದರೆ ಶ್ಯಾವಿಗೆಯ ಹಾಗೆ ಕಿತ್ತಳೆ ಎಳೆಗಳು ಇಳಿಯುತ್ತವೆ. ಆ ಎಳೆಗಳನ್ನು ಮೊದಲ ಸಲ ನೋಡಿದ ದಿನ ನಾನು ಊಟ ಮರೆತಿದ್ದೆ.

ನನ್ನ ಪಿಎಚ್‌ಡಿ ಗೈಡು, ಅವರ ಹೆಸರು ಇಲ್ಲಿ ಬೇಡ, ಅವರನ್ನು ಸರ್ ಎಂದೇ ಕರೆಯುತ್ತೇನೆ, ಇದೇ ಪಾಲಿಮರಿನಿಂದ ದೊಡ್ಡ ಹೆಸರು ಮಾಡಿದ್ದರು. ತಮ್ಮ ಪಾಲಿಮರ್ ಅಯೋಡಿನ್ ಇಲ್ಲದೆಯೇ ವಿದ್ಯುತ್ ಹರಿಸುತ್ತದೆ ಎಂಬುದು ಅವರ ವಾದ. ಗಾಜಿನ ಪಟ್ಟಿಯ ಮೇಲೆ ಬಳಿದ ಕಿತ್ತಳೆ ಪೊರೆ, ಎರಡು ತಂತಿ, ಒಂದು ಮೀಟರ್. ಹೋದ ವೇದಿಕೆಯಲ್ಲೆಲ್ಲ ಅದನ್ನು ತೋರಿಸುತ್ತಿದ್ದರು. ಮೀಟರಿನ ಮುಳ್ಳು ಅಲುಗುತ್ತಿತ್ತು, ಜನ ಚಪ್ಪಾಳೆ ಹೊಡೆಯುತ್ತಿದ್ದರು. ನಾನು ಅದೇ ಪೊರೆಯನ್ನು ಚೆನ್ನಾಗಿ ಒಣಗಿಸಿ, ಒಣ ಸಾರಜನಕ ತುಂಬಿದ ಪೆಟ್ಟಿಗೆಯೊಳಗಿಟ್ಟು ಅಳೆದೆ. ಮುಳ್ಳು ಸತ್ತಂತೆ ಮಲಗಿತು. ಮತ್ತೆ ಮತ್ತೆ ಅಳೆದೆ, ಹಾಗೇ ಮಲಗಿತ್ತು.

ತೋರಿಸಿದಾಗ ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಇಡೀ ಲ್ಯಾಬಿಗೆ ಕೇಳುವಂತೆ ಹೇಳಿದರು: "ನಿನಗೆ ಕೈಗುಣ ಇಲ್ಲ ಮಾರಾಯ್ತಿ. ಕೆಲವರಿಗೆ ಒಗ್ಗರಣೆ ಹಾಕಲಿಕ್ಕೂ ಬರುವುದಿಲ್ಲ, ಎಂತ ಮಾಡುವುದು?"

ಎಲ್ಲರೂ ನಕ್ಕರು. ನಗದಿದ್ದರೆ ಅವರಿಗೂ ಉಳಿಗಾಲವಿರಲಿಲ್ಲ, ಅದು ನನಗೆ ಗೊತ್ತು, ಆದರೂ ಅವರನ್ನೂ ನಾನು ಮನ್ನಿಸಿಲ್ಲ. ಆಮೇಲೆ ನನ್ನ ಯಾವ ಕಾಗದಕ್ಕೂ ಸರ್ ಸಹಿ ಹಾಕಲಿಲ್ಲ. ಡಾಕ್ಟರೇಟ್ ಇಲ್ಲದೆ ಹೊರಬಿದ್ದೆ. ಹೊರಡುವಾಗ ನಾನೇ ಮಾಡಿದ ಪುಡಿಯಲ್ಲಿ ಒಂದಿಷ್ಟನ್ನು ಸೀಸೆಗೆ ತುಂಬಿಕೊಂಡೆ. ಆ ದಿನ ಮನಸ್ಸಿನಲ್ಲಿ ಒಂದೇ ಮಾತಿತ್ತು: ಎಲ್ಲರ ಎದುರು ನನ್ನ ಕೈಗುಣ ತೆಗೆದರಲ್ಲ, ಎಲ್ಲರ ಎದುರೇ ಅದನ್ನು ವಾಪಸು ಇಡಿಸುತ್ತೇನೆ.

ಬ್ಯಾಡಗಿಯಲ್ಲಿ ಸಿಕ್ಕಿದ್ದು ಮೆಣಸಿನಕಾಯಿಯಿಂದ ಬಣ್ಣ ತೆಗೆಯುವ ಒಂದು ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ. ಬ್ಯಾಡಗಿ ಮೆಣಸಿನಕಾಯಿ ಎಂದರೆ ನಾವೆಲ್ಲ ಖಾರ ಎಂದುಕೊಂಡಿದ್ದೇವಲ್ಲ, ತಪ್ಪು. ಇದರ ಬೆಲೆ ಬಣ್ಣಕ್ಕೆ. ಮೈತುಂಬ ಸುಕ್ಕಿರುವ ಈ ಕಾಯಿಯಲ್ಲಿ ಖಾರ ಕಡಿಮೆ, ಕೆಂಪು ಜಾಸ್ತಿ. ಆ ಕೆಂಪಿನ ಅಣುವಿನ ಚಿತ್ರವನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಅದೂ ನನ್ನ ಪಾಲಿಮರಿನ ಹಾಗೆಯೇ, ಒಂಟಿ ಬಂಧ, ಜೋಡಿ ಬಂಧ, ಒಂಟಿ ಬಂಧ, ಜೋಡಿ ಬಂಧ. ಒಂದು ಗಿಡ್ಡ ಸರಪಳಿ. ಬಿಸಿಲಿಗೆ, ಗಾಳಿಗೆ ಅದೂ ಬಣ್ಣಗೆಡುತ್ತದೆ. ಓಡಿ ಬಂದ ಕಡೆಗೂ ಅದೇ ಸರಪಳಿ ನನಗಿಂತ ಮೊದಲೇ ಬಂದು ಕೂತಿತ್ತು.

ಮನೆ ಸಿಕ್ಕಿದ್ದು ಕಸ್ತೂರೆವ್ವನ ಖಾನಾವಳಿಯ ಮಹಡಿಯಲ್ಲಿ. ಖಾನಾವಳಿ ಎಂದರೆ ನಮ್ಮ ಕಡೆಯ ಊಟದ ಹೋಟೆಲಿನಂಥದ್ದು, ಆದರೆ ಇಲ್ಲಿ ಊಟವೆಂದರೆ ಮೊದಲು ರೊಟ್ಟಿ, ಅನ್ನ ಕೊನೆಗೆ, ಅದೂ ಬೇಕಿದ್ದರೆ. ಮೊದಲ ದಿನ ನಾನು ಕುಚ್ಚಲಕ್ಕಿ ಸಿಗುತ್ತದೆಯಾ ಎಂದು ಕೇಳಿದೆ. ಕಸ್ತೂರೆವ್ವ ನನ್ನನ್ನು ಕಾಯಿಲೆಯವಳನ್ನು ನೋಡುವ ಹಾಗೆ ನೋಡಿದಳು.

"ಅಕ್ಕಿ ಉಂಡ ಉಂಡ ಹಿಂಗ ಆಗೀರಿ ನೋಡ್ರಿ. ಕುಂದರ್ರಿ, ಒಂದ್ ರೊಟ್ಟಿ ತಿನ್ರಿ, ಆಮ್ಯಾಲ ಮಾತಾಡೂಣು."

ಬಿಸಿ ಜೋಳದ ರೊಟ್ಟಿ, ಎಣಗಾಯಿ ಎಂದು ಇವರು ಕರೆಯುವ ತುಂಬಿದ ಬದನೆಕಾಯಿ ಪಲ್ಯ, ಪಕ್ಕದಲ್ಲಿ ಕೆಂಪು ಚಟ್ನಿ. ಚಟ್ನಿಯ ಬಣ್ಣ ನೋಡಿ ಹೆದರಿ ತುದಿ ನಾಲಗೆಗೆ ಹಚ್ಚಿಕೊಂಡೆ. ಖಾರವೇ ಇರಲಿಲ್ಲ. ಹುಳಿ, ಉಪ್ಪು, ಬೆಳ್ಳುಳ್ಳಿ, ಹಿಂದಿನಿಂದ ಮೆಲ್ಲನೆ ಒಂದು ಬಿಸಿ. ಎರಡನೆಯ ರೊಟ್ಟಿ ಕೇಳಿದಾಗ ಕಸ್ತೂರೆವ್ವ ಗೆದ್ದ ಮುಖ ಮಾಡಿದಳು. ಮೀನಿಲ್ಲದ ಊಟ ಊಟವೇ ಅಲ್ಲ ಎಂದು ಬೆಳೆದವಳು ನಾನು. ಆದರೂ ಆ ದಿನದಿಂದ ಸಂಜೆಯ ಸಾಲಿನಲ್ಲಿ ನನಗೊಂದು ಜಾಗ ಆಯಿತು.

ಭಾಷೆಯದ್ದು ಇನ್ನೊಂದು ಕತೆ. ಎರಡೂ ಕನ್ನಡವೇ, ಆದರೂ ನನ್ನ ಕನ್ನಡ ಇಲ್ಲಿ ಪಾಠ ಓದಿದ ಹಾಗೆ ಕೇಳಿಸುತ್ತಿತ್ತು. ನಾನು "ಬೇಗ ಬನ್ನಿ" ಎಂದರೆ ಆಟೋದವ ಸುಮ್ಮನೆ ನೋಡಿ ನಗುತ್ತಿದ್ದ, "ಲಗೂ ಬರ್ರಿ" ಎಂದ ದಿನ ಗಾಡಿ ತಿರುಗಿಸಿದ. ಖರೇ ಎಂದರೆ ನಿಜ. ಮಾಲು ಎಂದರೆ ಮೆಣಸಿನಕಾಯಿ, ಬೇರೆ ಯಾವ ಮಾಲನ್ನಾದರೂ ಹೆಸರಿಟ್ಟು ಹೇಳಬೇಕು. ಎಲ್ಲ ಮಾತಿನ ಬಾಲಕ್ಕೂ ಒಂದು "ರಿ". ನಮ್ಮ ಕಡೆ ಬೈಯುವಾಗ ಮರ್ಯಾದೆ ಮೊದಲು ಹೋಗುತ್ತದೆ. ಇಲ್ಲಿ "ತಲಿ ಐತೇನ್ರಿ ನಿಮಗ?" ಎಂದು ರಿ ಹಚ್ಚಿಯೇ ಬೈಯುತ್ತಾರೆ. ನನಗೆ ಅದು ಬಹಳ ಹಿಡಿಸಿತು, ಒಬ್ಬರನ್ನು ಹಾಗೆ ಬೈಯಬೇಕೆಂದು ಕನ್ನಡಿಯ ಮುಂದೆ ಅಭ್ಯಾಸವನ್ನೂ ಮಾಡಿದೆ.

ಎಲ್ಲಕ್ಕಿಂತ ಹೊಸದಾಗಿ ಕಂಡದ್ದು ಇಲ್ಲಿಯ ಒಣ ಹವೆ. ನಮ್ಮ ಮನೆಯಲ್ಲಿ ಉಪ್ಪಿನ ಭರಣಿಯಲ್ಲಿ ಉಪ್ಪು ನೀರಾಗಿರುತ್ತದೆ, ಬೆಂಕಿಪೊಟ್ಟಣ ಕೈಕೊಡುತ್ತದೆ, ಕಪಾಟಿನ ಚಪ್ಪಲಿಗೆ ಹಸಿರು ಹಿಡಿಯುತ್ತದೆ, ಹಪ್ಪಳ ಡಬ್ಬಿಯಿಂದ ಹೊರತೆಗೆದು ಬಾಯಿಗಿಡುವಷ್ಟರಲ್ಲಿ ಬಟ್ಟೆಯಾಗುತ್ತದೆ. ಇಲ್ಲಿ ಬೇಸಗೆಯಲ್ಲಿ ಒಗೆದ ಬಟ್ಟೆ ಹಿಂಡುವ ಮೊದಲೇ ಒಣಗುವ ಹಾಗೆ. ಖಡಕ್ ರೊಟ್ಟಿ ಎಂದು ಒಂದಿದೆ. ರೊಟ್ಟಿಯನ್ನು ಕೆಂಡದ ಬಳಿ ನಿಲ್ಲಿಸಿ ಒಣಗಿಸಿ, ಮುಚ್ಚಳದ ತಗಡಿನ ಡಬ್ಬಿಗೆ ತುಂಬಿ ಒಲೆಯ ಮೇಲಿನ ಗೂಡಿನಲ್ಲಿಡುತ್ತಾರೆ. ತಿಂಗಳು ಕಳೆದರೂ ಮುರಿದರೆ ಸದ್ದಾಗುತ್ತದೆ. ಆ ಡಬ್ಬಿ ಮನೆಯ ತಿಜೋರಿ. ಕಸ್ತೂರೆವ್ವ ಕಿವಿಯೋಲೆ, ಔಷಧಿ, ಗ್ಯಾಸಿನ ಪುಸ್ತಕ ಎಲ್ಲವನ್ನೂ ರೊಟ್ಟಿಯ ಮೇಲೆಯೇ ಇಡುತ್ತಿದ್ದಳು. "ಅಲ್ಲಿ ಇಟ್ಟಿದ್ದು ಯಾವದೂ ಕೆಡಾಂಗಿಲ್ಲ" ಎನ್ನುತ್ತಿದ್ದಳು.

ಆ ಮಾತು ಕೇಳುತ್ತ ಊಟ ಮಾಡುವಾಗಲೇ ನನಗೆ ಸರ್ ಮಾಡಿದ ತಪ್ಪು ಪೂರ್ತಿ ಬಿಡಿಸಿಕೊಂಡಿತು. ಅವರ ಪೊರೆ ಎಂದೂ ಒಣಗಿಯೇ ಇರಲಿಲ್ಲ! ಕಡಲಿನ ಗಾಳಿ, ಬೆವರಿನ ಕೈ, ವರ್ಷವಿಡೀ ತೇವ. ಆ ಪಾಲಿಮರಿನ ಪಕ್ಕದ ಗುಂಪುಗಳಿಗೆ ನೀರೆಂದರೆ ಪ್ರೀತಿ, ಹೀರಿಕೊಂಡು ಕೂರುತ್ತವೆ. ಮುಳ್ಳನ್ನು ಅಲುಗಿಸುತ್ತಿದ್ದದ್ದು ನೀರು, ಪಾಲಿಮರ್ ಅಲ್ಲ. ನಾನು ಒಣಗಿಸಿದೆ, ಅದಕ್ಕೇ ಮುಳ್ಳು ಮಲಗಿತು. ನನ್ನ ಕೈಗುಣ ಸರಿಯಾಗಿಯೇ ಇತ್ತು.

ಇಷ್ಟು ಗೊತ್ತಾದರೆ ಸಾಲದು, ತೋರಿಸಬೇಕು. ಕಾರ್ಖಾನೆಯಲ್ಲಿ ಬಣ್ಣ ಅಳೆಯುವ ಯಂತ್ರವಿದೆ, ವಿದ್ಯುತ್ತಿಗೆ ಇಷ್ಟು ದೊಡ್ಡ ತಡೆಯನ್ನು ಅಳೆಯುವಂಥದ್ದು ಇಲ್ಲ. ರಾಣೆಬೆನ್ನೂರಿನಲ್ಲಿ ಬೋರ್‌ವೆಲ್ ಮೋಟಾರಿಗೆ ತಂತಿ ಸುತ್ತುವ ಅಂಗಡಿಗಳು ಸಾಲಾಗಿವೆ. ಅಲ್ಲಿ ಮೆಗ್ಗರ್ ಎಂಬ ಪೆಟ್ಟಿಗೆ ಇರುತ್ತದೆ. ಹಿಡಿಕೆ ತಿರುಗಿಸಿದರೆ, ಸುತ್ತಿದ ತಂತಿಯಿಂದ ವಿದ್ಯುತ್ ಸೋರುತ್ತಿದೆಯೋ ಇಲ್ಲವೋ ಮುಳ್ಳು ಹೇಳುತ್ತದೆ. ಮೌನೇಶ ಎಂಬವನ ಅಂಗಡಿಗೆ ಹೋಗಿ ನನ್ನ ಗಾಜಿನ ಪಟ್ಟಿ ಮುಂದಿಟ್ಟೆ. ಸೀಸೆಯ ಪುಡಿಯನ್ನು ಕರಗಿಸಿ, ಎರಡು ತಾಮ್ರದ ಪಟ್ಟಿಗಳ ನಡುವೆ ಬಳಿದು, ಕಾರ್ಖಾನೆಯ ಓವನ್ನಿನಲ್ಲಿ ಒಣಗಿಸಿ ತಂದಿದ್ದೆ.

ಮೌನೇಶ ಅದನ್ನು ಬೆಳಕಿಗೆ ಹಿಡಿದು ನೋಡಿದ. "ಇದೇನ್ರಿ, ಮಿಠಾಯಿ ಅಂಟಿಸೀರಲ್ಲ?"

"ಮೆಗ್ಗರ್ ಹಚ್ಚಿ ನೋಡಿ."

ಹಿಡಿಕೆ ತಿರುಗಿಸಿದ. ಮುಳ್ಳು ಅನಂತದ ಗುರುತಿಗೆ ಹೋಗಿ ಅಂಟಿತು, ಎಂದರೆ ಒಂದಿಷ್ಟೂ ಸೋರಿಕೆಯಿಲ್ಲ. ನಾನು ಬಗ್ಗಿ ಪೊರೆಯ ಮೇಲೆ ಉಸಿರು ಬಿಟ್ಟು ಮತ್ತೆ ತಿರುಗಿಸಲು ಹೇಳಿದೆ. ಮುಳ್ಳು ಇಳಿಯಿತು, ಎಂದರೆ ಈಗ ವಿದ್ಯುತ್ ಹರಿಯುತ್ತಿದೆ. ತಿರುಗಿಸುತ್ತಲೇ ಇದ್ದಂತೆ ಮೆಲ್ಲಗೆ ವಾಪಸು ಮೇಲೇರಿತು. ನಾನು ಅಂಗಡಿಯಲ್ಲೇ ಕುಣಿಯುವುದೊಂದು ಬಾಕಿ.

"ಇಷ್ಟ್ಯಾಕ ಖುಷಿ ಆಗಾಕತ್ತೀರಿ?" ಎಂದ ಮೌನೇಶ. "ತಂಪು ಹತ್ತಿದ್ರ ಸೋರತೈತಿ. ಇದನ್ನ ಹಚ್ಚಿದ ಮೋಟಾರು ಬಾವ್ಯಾಗ ಇಳಿಸಿದ್ರ ಸುಟ್ಟ ಹೋಗತೈತ್ರಿ."

"ಸುಡಬೇಕಾದ್ದು ಮೋಟಾರಲ್ಲ" ಎಂದೆ. ಅವನಿಗೆ ಅರ್ಥವಾಗಲಿಲ್ಲ, ನಾನು ಬಿಡಿಸಿ ಹೇಳಲೂ ಇಲ್ಲ.

ಸೇಡು ನಾವಾಗಿ ಹುಡುಕಿಕೊಂಡು ಹೋದರೆ ಸಿಗುವುದಿಲ್ಲ, ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಸಿಗುತ್ತದೆ. ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ದಿನಗಳಲ್ಲಿ ರಾಣೆಬೆನ್ನೂರಿನ ಒಂದು ಕಾಲೇಜಿನ ವಿಚಾರಗೋಷ್ಠಿಯ ಭಿತ್ತಿಪತ್ರ ನೋಡಿದೆ. ಮುಖ್ಯ ಅತಿಥಿ ನಮ್ಮ ಸರ್. ವಿಷಯ, ವಿದ್ಯುತ್ ಹರಿಸುವ ಪಾಲಿಮರ್‌ಗಳು. ಪ್ರಾತ್ಯಕ್ಷಿಕೆಯೂ ಇದೆ. ಪ್ರಾತ್ಯಕ್ಷಿಕೆ ನಡೆಸಿಕೊಡುವವರು ಅವರ ಸಂಶೋಧನಾ ವಿದ್ಯಾರ್ಥಿನಿ ರೇಣುಕಾ, ನಮ್ಮ ತಾಲೂಕಿನ ಕುಪ್ಪೇಲೂರಿನ ಹೆಮ್ಮೆಯ ಮಗಳು ಎಂದು ಕೆಳಗೆ ಬರೆದಿತ್ತು.

ನನ್ನ ಜಾಗಕ್ಕೆ ಬಂದವಳು ಇವಳು. ನಾನು ಅಲ್ಲಿಂದ ಇಲ್ಲಿಗೆ, ಇವಳು ಇಲ್ಲಿಂದ ಅಲ್ಲಿಗೆ. ಅವಳ ಮೇಲೂ ಸಿಟ್ಟು ಬಂತು, ಕಾರಣ ಕೇಳಬೇಡಿ.

ಮೌನೇಶನ ಮೆಗ್ಗರನ್ನು ಚೀಲದಲ್ಲಿಟ್ಟುಕೊಂಡು ಹೋಗಿ ಸಭಾಂಗಣದ ಮೂರನೆಯ ಸಾಲಿನಲ್ಲಿ ಕೂತೆ. ಭಾಷಣ ಮುಗಿದ ಮೇಲೆ ಪ್ರಶ್ನೆ ಕೇಳಲು ಅವಕಾಶ ಕೊಡುತ್ತಾರಲ್ಲ, ಆಗ ಏಳುವುದು, ನನ್ನ ಪಟ್ಟಿ ತೆಗೆಯುವುದು, ಮುಗಿಸುವುದು. ಮಾತುಗಳನ್ನು ಬಾಯಿಪಾಠ ಮಾಡಿದ್ದೆ. ಮುಂದಿನ ಸಾಲಿನಲ್ಲಿ ಊರಿನ ಹಿರಿಯರು, ಮೆಣಸಿನಕಾಯಿ ದಲಾಲರು. ಪಕ್ಕದ ಸಾಲಿನಲ್ಲಿ ರೇಣುಕಾಳ ಅವ್ವ, ಅಪ್ಪ, ಅಜ್ಜಿ, ಅವರ ಓಣಿಯ ಹೆಂಗಸರು, ಎಲ್ಲರೂ ಹೊಸ ಬಟ್ಟೆ ತೊಟ್ಟು ಬಂದಿದ್ದರು. ವೇದಿಕೆಯ ಮೇಲೆ ರೇಣುಕಾ ಕೈಗವಸು ಹಾಕಿಕೊಂಡು ಮೀಟರಿನ ಪಕ್ಕ ನಿಂತಿದ್ದಳು. ಸಣ್ಣ ಹುಡುಗಿ, ನಗು ತಡೆಯಲು ತುಟಿ ಕಚ್ಚಿಕೊಂಡಿದ್ದಳು.

ಸರ್ ಬಹಳ ಚೆನ್ನಾಗಿ ಮಾತಾಡಿದರು. ಅವರಿಗೆ ಮಾತು ಬರುವುದಿಲ್ಲ ಎಂದು ನಾನು ಎಂದೂ ಹೇಳಿಲ್ಲ. ಕೊನೆಗೆ, "ಈಗ ನಿಮ್ಮ ಊರಿನ ಮಗಳೇ ತೋರಿಸ್ತಾಳೆ" ಎಂದರು. ರೇಣುಕಾ ತಂತಿ ಸಿಕ್ಕಿಸಿದಳು. ಮುಳ್ಳು ಅಲುಗಲಿಲ್ಲ. ಬಿಚ್ಚಿ ಮತ್ತೆ ಸಿಕ್ಕಿಸಿದಳು. ಸರ್ ತಾವೇ ಬಂದು ಸಿಕ್ಕಿಸಿದರು. ಮುಳ್ಳು ಸತ್ತಂತೆ ಮಲಗಿತ್ತು, ನನ್ನ ಪೆಟ್ಟಿಗೆಯಲ್ಲಿ ಅಂದು ಮಲಗಿದ ಹಾಗೆಯೇ.

ನನಗೆ ಹೇಳತೀರದಷ್ಟು ಖುಷಿಯಾಯಿತು. ಬೆರಳು ಎತ್ತುವ ಕೆಲಸವೂ ಇಲ್ಲದೆ ಆಗಿಹೋಯಿತಲ್ಲ ಎಂದು ಚೀಲದೊಳಗೆ ಕೈ ಮುಷ್ಟಿ ಹಿಡಿದೆ.

ಆಗ ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಮೈಕು ಹತ್ತಿರವೇ ಇತ್ತು. "ಎಂತ ಮಾಡಿದಿ ಇದಕ್ಕೆ? ನಿನ್ನೆ ಲ್ಯಾಬಿನಿಂದ ಹೊರಡುವಾಗ ಸರಿಯಿತ್ತಲ್ಲ. ರಾತ್ರಿ ಎಲ್ಲಿಟ್ಟಿದ್ದಿ?"

ರೇಣುಕಾಳ ಬಾಯಿಂದ ಮನೆಯ ಮಾತೇ ಬಂತು. "ರೊಟ್ಟಿ ಡಬ್ಬ್ಯಾಗ ಇಟ್ಟಿದ್ನಿ ಸರ. ಕೆಡಬಾರದು ಅಂತ್ಹೇಳಿ ನಮ್ಮವ್ವ..."

ಸಭೆ ಗೊಳ್ಳೆಂದು ನಕ್ಕಿತು. ಸರ್ ಕೂಡ ನಕ್ಕರು. "ನೋಡಿ, ರೊಟ್ಟಿ ಡಬ್ಬಿ! ನಾಲ್ಕು ಜನ ಮೆಚ್ಚಬೇಕಾದ ಕೆಲಸ. ಕೆಲವರಿಗೆ ಕೈಗುಣವೇ ಇರುವುದಿಲ್ಲ, ಎಂತ ಮಾಡುವುದು?"

ರೇಣುಕಾಳ ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡದ್ದು ಕಂಡಿತು. ಮಗಳು ಗಾಜಿನ ಪಟ್ಟಿಯನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ನನಗೆ ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. ಹೇಗೆ ಎದ್ದೆ, ಹೇಗೆ ಮೆಟ್ಟಿಲು ಹತ್ತಿದೆ ಎಂಬುದೂ ನೆನಪಿಲ್ಲ. ಮೇಜಿನ ಮೇಲೆ ಮೆಗ್ಗರ್ ಇಟ್ಟ ಸದ್ದು ಮಾತ್ರ ಮೈಕಿನಲ್ಲಿ ಕೇಳಿತು.

ಸರ್ ನನ್ನ ಮುಖ ನೋಡಿದರು. ಗುರುತು ಸಿಕ್ಕಿತು.

"ರೇಣುಕಾ, ಆ ಪಟ್ಟಿ ಇಲ್ಲಿ ಹಿಡಿ" ಎಂದು ಮೆಗ್ಗರಿನ ತಂತಿ ಸಿಕ್ಕಿಸಿ ಹಿಡಿಕೆ ತಿರುಗಿಸಿದೆ. ಮುಳ್ಳು ಅನಂತದಲ್ಲಿ ನಿಂತಿತು. ಎಲ್ಲರಿಗೂ ಕಾಣುವಂತೆ ಪೆಟ್ಟಿಗೆಯನ್ನು ಸಭೆಯ ಕಡೆ ತಿರುಗಿಸಿದೆ. "ಈಗ ಇದರ ಮ್ಯಾಲ ಒಮ್ಮಿ ಉಸಿರು ಬಿಡು." ನನ್ನ ಬಾಯಿಂದ ಇಲ್ಲಿಯ ಮಾತು ಬಂದದ್ದು ನನಗೇ ಆಮೇಲೆ ಹೊಳೆಯಿತು. ಅವಳು ಉಸಿರು ಬಿಟ್ಟಳು. ಮುಳ್ಳು ಸರ್ರನೆ ಇಳಿಯಿತು. ನಾನು ತಿರುಗಿಸುತ್ತಲೇ ಇದ್ದೆ. ರಾಣೆಬೆನ್ನೂರಿನ ಬಿಸಿಲಿನ ಗಾಳಿ ಕಿಟಕಿಯಿಂದ ಬೀಸಿ ಬೀಸಿ ಪೊರೆಯನ್ನು ಒಣಗಿಸಿತು, ಮುಳ್ಳು ಎಲ್ಲರ ಕಣ್ಣೆದುರೇ ಮೇಲೇರಿ ಮತ್ತೆ ಅನಂತದಲ್ಲಿ ನಿಂತಿತು.

"ಇದರೊಳಗೆ ವಿದ್ಯುತ್ ಹರಿಸುತ್ತಿದ್ದದ್ದು ನೀರು" ಎಂದೆ. "ಈ ಹುಡುಗಿಯ ಅವ್ವ ಒಣ ರೊಟ್ಟಿಯ ಡಬ್ಬಿಯಲ್ಲಿಟ್ಟು ಆ ನೀರನ್ನು ತೆಗೆದರು. ಕೈಗುಣಕ್ಕೆ ಏನೂ ಆಗಿಲ್ಲ. ಕೆಟ್ಟದ್ದು ಸರ್ ಅವರ ಲೆಕ್ಕಾಚಾರ."

ಮುಂದಿನ ಸಾಲಿನಲ್ಲಿದ್ದ ಒಬ್ಬ ದಲಾಲರು ಎದ್ದು ನಿಂತರು. "ಅಂದ್ರ ಒಣಾ ಮಾಲಿನ್ಯಾಗ ಏನೂ ಇಲ್ಲ, ನೀರ ಹೊಡದ್ರ ತೂಕ ಬರತೈತಿ ಅಂದಂಗಾತು. ಇದು ನಮ್ಮ ಮಾರ್ಕೆಟ್ಟಿಗೂ ಗೊತ್ತೈತಿ ಬಿಡ್ರಿ!"

ಆ ನಗು ಇಡೀ ಸಭಾಂಗಣ ತುಂಬಿತು. ಈ ಸಲ ಅದು ಯಾರ ಮೇಲೆ ಬಿತ್ತು ಎಂಬುದನ್ನು ನಾನು ಕಣ್ಣು ಮಿಟುಕಿಸದೆ ನೋಡಿದೆ. ಸರ್ ಕಿವಿಯವರೆಗೆ ಕೆಂಪಾದರು. ಬ್ಯಾಡಗಿಯಲ್ಲಿ ಇಷ್ಟು ದಿನ ಬಣ್ಣ ಅಳೆದ ನನಗೆ ಅಂಥ ಕೆಂಪು ಮತ್ತೆಲ್ಲೂ ಸಿಕ್ಕಿಲ್ಲ. ಆದರೂ ಅವರು ಸಾಮಾನ್ಯರಲ್ಲ. ಮೈಕು ಹಿಡಿದು, "ಇವಳೂ ನನ್ನ ಹಳೆಯ ವಿದ್ಯಾರ್ಥಿನಿಯೇ, ನಮ್ಮ ಊರಿನವಳು. ಚರ್ಚೆ ಆಗಬೇಕಾದ ವಿಷಯ" ಎಂದು ನಕ್ಕು ಕೂತರು.

ಕನ್ನಡಿಯ ಮುಂದೆ ಮಾಡಿದ ಅಭ್ಯಾಸ ವ್ಯರ್ಥವಾಗಬಾರದಲ್ಲ. ಮೆಗ್ಗರ್ ಎತ್ತಿಕೊಂಡು ಅವರ ಪಕ್ಕ ಹಾಯುವಾಗ ಮೆಲ್ಲನೆ ಹೇಳಿದೆ: "ತಲಿ ಐತೇನ್ರಿ ನಿಮಗ?"

ಹೊರಗೆ ಬೇವಿನ ಮರದ ಕೆಳಗೆ ನಿಂತು ನೀರು ಕುಡಿಯುತ್ತಿದ್ದೆ. ಇಷ್ಟು ಹಗುರ ನಾನು ಎಂದೂ ಆಗಿರಲಿಲ್ಲ. ರೇಣುಕಾ ಓಡುತ್ತ ಬಂದಳು. ಕೃತಜ್ಞತೆ ಹೇಳುತ್ತಾಳೆ ಎಂದುಕೊಂಡೆ. ಅವಳ ಕಣ್ಣುಗಳು ಉರಿಯುತ್ತಿದ್ದವು.

"ಅಕ್ಕಾರ, ನೀವು ಗೆದ್ರಿ. ಖರೇ ಹೇಳಿದ್ರಿ, ನಾ ಇಲ್ಲ ಅನ್ನಾಂಗಿಲ್ಲ. ನೀವು ಈಗ ಬ್ಯಾಡಗಿ ಬಸ್ ಹತ್ತಿ ಮನಿಗೆ ಹೊಕ್ಕೀರಿ. ನಾ ನಾಳೆ ಅವರ ಲ್ಯಾಬಿಗೇ ಹೋಗಬೇಕಲ್ರಿ?"

ನಾನು ಅವಳನ್ನು ಕಾಪಾಡಲು ವೇದಿಕೆ ಹತ್ತಿದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಹತ್ತಿದ್ದು ನನಗೋಸ್ಕರವೂ ಹೌದು. ಫೋನ್ ನಂಬರ್ ಕೊಟ್ಟೆ. ತೆಗೆದುಕೊಂಡಳು, ತಿರುಗಿ ನೋಡದೆ ಹೋದಳು.

ಆ ಸಂಜೆ ಕಸ್ತೂರೆವ್ವನಿಗೆ ಎಲ್ಲ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಲೇ ಕೇಳಿದಳು. "ಅವಂಗ ಮಾಡಿದ್ದು ಛಲೋನ ಮಾಡೀದಿ. ಹುಡುಗೀನ ಬಿಟ್ಟ ಬಂದೀಯಲ್ಲ, ಅದು ಸರಿ ಅನಸವಲ್ದು ನನಗ. ಫೋನ್ ಮಾಡ ಆಕಿಗೆ." ನಾನು ಅವಳ ಬಾಯಲ್ಲಿ ರಿ ಕಳೆದುಕೊಂಡು ಮನೆಯವಳಾಗಿದ್ದೇನೆ ಎಂದು ಆ ಮಾತಿನಲ್ಲೇ ತಿಳಿಯಿತು.

ಫೋನ್ ಮಾಡಿದೆ. ಮೊದಮೊದಲು ಅವಳು ಎತ್ತಲಿಲ್ಲ. ಆಮೇಲೆ ಎತ್ತಿದಳು. ಸರ್ ಅವಳನ್ನು ಹೊರಹಾಕಲಿಲ್ಲ, ಸಭೆಯಷ್ಟು ಜನ ನೋಡಿದ್ದರಲ್ಲ, ಹಾಕುವ ಧೈರ್ಯವಾಗಲಿಲ್ಲ. ಮಾತು ಬಿಟ್ಟರು, ಅಷ್ಟೆ. ಅವಳು ಆ ಕಡಲ ಗಾಳಿಯಲ್ಲಿ ಪೊರೆ ಒಣಗಿಸುವುದು ಹೇಗೆಂದು ನನ್ನನ್ನು ಕೇಳುತ್ತಿದ್ದಳು, ನಾನು ಬ್ಯಾಡಗಿಯಿಂದ ಹೇಳುತ್ತಿದ್ದೆ. ನನ್ನ ಹಳೆಯ ಒಣ ಪೆಟ್ಟಿಗೆ ಮೂಲೆಯಲ್ಲಿ ಬಿದ್ದಿತ್ತಂತೆ. ಅದರ ರಬ್ಬರ್ ಕೈಗವಸು ಎಲ್ಲಿ ಸೋರುತ್ತದೆ ಎಂಬುದು ನನಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ನಡುನಡುವೆ ಅವಳು ಅಲ್ಲಿಯ ಕುಚ್ಚಲಕ್ಕಿ ಗಂಟಲಲ್ಲಿ ಇಳಿಯುವುದಿಲ್ಲವೆಂದು ಅಳುತ್ತಿದ್ದಳು. ಅವಳ ಮಾತು ಕೇಳಿ ಹಾಸ್ಟೆಲಿನ ಹುಡುಗಿಯರು ನಗುತ್ತಾರಂತೆ. ಅವ್ವ ಕಳಿಸಿದ ಖಡಕ್ ರೊಟ್ಟಿ ಮರುದಿನವೇ ಬಟ್ಟೆಯಾಯಿತಂತೆ. ನನ್ನ ಅಮ್ಮನ ಮನೆಯ ವಿಳಾಸ ಕೊಟ್ಟೆ. ಭಾನುವಾರಗಳಲ್ಲಿ ಅವಳು ಅಲ್ಲಿಗೆ ಹೋಗಿ ನನ್ನ ತಟ್ಟೆಯಲ್ಲಿ ಉಣ್ಣತೊಡಗಿದಳು.

ಮಳೆಗಾಲ ಕಳೆದ ಮೇಲೆ ಒಂದು ದಿನ ಅವಳೇ ಫೋನ್ ಮಾಡಿದಳು. ದನಿ ಅಡಗಿಸಿ ಮಾತಾಡುತ್ತಿದ್ದಳು.

"ಅಕ್ಕಾರ, ಸಿಟ್ಟ ಆಗಬ್ಯಾಡ್ರಿ. ಸರ್ ಈಗ ಏನ್ ಹೇಳಾಕತ್ತಾರ ಗೊತ್ತೇನ್ರಿ? ಇದು ತೇವ ಅಳೆಯೋ ಪಾಲಿಮರ್ ಅಂತ. ನೀರು ಹತ್ತಿದ್ರ ಮುಳ್ಳು ಏಳತೈತಿ, ಒಣಗಿದ್ರ ಮಲಗತೈತಿ, ಇದ ದೊಡ್ಡ ಶೋಧ ಅಂತ. ನನ್ನ ಥೀಸಿಸ್ಸೂ ಅದ ಆಗೈತಿ."

ನಾನು ನಕ್ಕೆನೋ ಹಲ್ಲು ಕಡಿದೆನೋ ಗೊತ್ತಿಲ್ಲ. ನನ್ನ ಸೇಡನ್ನೂ ಆ ಮನುಷ್ಯ ತನ್ನ ಹೆಸರಿಗೆ ಬರೆದುಕೊಂಡಿದ್ದ! ಬೆಂಕಿಯಲ್ಲಿ ಹಾಕಿದರೂ ಸುಡದ ಜಾತಿ. ಬಾಯಿಗೆ ಬಂದದ್ದನ್ನೆಲ್ಲ ಬೈದೆ, ಕರಾವಳಿಯ ಬೈಗುಳ, ಬಯಲುಸೀಮೆಯ ಬೈಗುಳ, ಎರಡನ್ನೂ. ರೇಣುಕಾ ಮುಗಿಯುವ ತನಕ ಕಾದಳು.

"ಥೀಸಿಸ್ಸಿನ್ಯಾಗ ನಿಮ್ಮ ಹೆಸರು ಹಾಕ್ಲೇನ್ರಿ ಅಕ್ಕಾರ? ಸರ್ ತಗೀ ಅಂದ್ರೂ ನಾ ತಗ್ಯಾಂಗಿಲ್ಲ."

ಬೇಕು ಎನ್ನಲು ಬಾಯಿ ತೆರೆದೆ. ಬೇವಿನ ಮರದ ಕೆಳಗೆ ಅವಳು ಕೇಳಿದ ಪ್ರಶ್ನೆ ನೆನಪಾಯಿತು. ನನ್ನ ಹೆಸರು ಹಾಕಿದರೆ ಅವರು ಸಹಿ ಹಾಕುವುದಿಲ್ಲ, ಅವಳೂ ನನ್ನ ಹಾಗೆ ಒಂದು ಸೀಸೆ ಹಿಡಿದು ಬಸ್ಸು ಹತ್ತುತ್ತಾಳೆ.

"ನನ್ನ ಹೆಸರು ಬೇಡ" ಎಂದೆ. "ನೀನು ಪೊರೆಯನ್ನು ಮೊದಲು ಒಣಗಿಸಿದ್ದು ಎಲ್ಲಿ, ಹೇಗೆ ಅಂತ ಬರೆಯಬೇಕಲ್ಲ, ಅಲ್ಲಿ ಇದ್ದದ್ದು ಇದ್ದ ಹಾಗೆ ಬರಿ. ಒಂದಕ್ಷರ ಬದಲಿಸಬೇಡ."

ಅವಳು ಬರೆದಳು. ಮಾದರಿಯನ್ನು ಒಂದು ರಾತ್ರಿ ರಾಣೆಬೆನ್ನೂರು ತಾಲೂಕು ಕುಪ್ಪೇಲೂರಿನ ಮನೆಯೊಂದರಲ್ಲಿ ಜೋಳದ ಖಡಕ್ ರೊಟ್ಟಿಯ ಡಬ್ಬಿಯಲ್ಲಿಟ್ಟು ಒಣಗಿಸಲಾಯಿತು, ಎಂದು. ಸರ್ ಅದನ್ನು ಹೊಡೆದುಹಾಕಲು ಹೇಳಿದರಂತೆ. ಎಲ್ಲ ಶುರುವಾದದ್ದೇ ಆ ಒಣ ಅಳತೆಯಿಂದ, ಅದನ್ನು ತೆಗೆದರೆ ನಿಮ್ಮ ಶೋಧಕ್ಕೆ ತಲೆಯೇ ಇರುವುದಿಲ್ಲ ಸರ್ ಎಂದು ಇವಳು ಕೈಕಟ್ಟಿ ನಿಂತಳಂತೆ. ಕನ್ನಡಕ ತೆಗೆದರು, ಒರೆಸಿಕೊಂಡರು, ಸಹಿ ಹಾಕಿದರು. ಇನ್ನು ಆ ಶೋಧದ ಬಗ್ಗೆ ಯಾರು ಎಲ್ಲಿ ಓದಿದರೂ ಮೊದಲು ರೊಟ್ಟಿ ಡಬ್ಬಿ ಸಿಗುತ್ತದೆ, ಅದರ ಕೆಳಗೆ ಅವರ ಸಹಿ. ನಾನು ಆ ದಿನ ಕಸ್ತೂರೆವ್ವನ ಹತ್ತಿರ ಕೇಳಿ ಹೋಳಿಗೆ ಮಾಡಿಸಿಕೊಂಡು ತಿಂದೆ. ಮೌನೇಶನ ಅಂಗಡಿಗೂ ಕಳಿಸಿದೆ.

ಆ ಥೀಸಿಸ್ ಪುಸ್ತಕ ಈಗ ನಮ್ಮ ಊರಿನ ಕಡೆಯ ಗ್ರಂಥಾಲಯದಲ್ಲಿದೆ. ಅದರೊಳಗಿರುವುದು ರೇಣುಕಾಳ ಊರು. ನನ್ನ ಹೆಸರು ಯಾವ ಪುಟದಲ್ಲೂ ಇಲ್ಲ. ಹಾವೇರಿಗೆ ಹೋಗಿ ಆಧಾರ್ ಕಾರ್ಡಿನ ವಿಳಾಸ ಬದಲಿಸಿದ್ದೇನೆ, ಅದರಲ್ಲಿ ಮಾತ್ರ ಹೆಸರಿನ ಕೆಳಗೆ ಬ್ಯಾಡಗಿ ಎಂದಿದೆ. ಈ ಊರಿನಲ್ಲಿ ನನಗೀಗ ಸೀನು ಬರುವುದಿಲ್ಲ.

ಕಳೆದ ಹಬ್ಬಕ್ಕೆ ಊರಿಗೆ ಹೊರಟಾಗ ಕಸ್ತೂರೆವ್ವ ಖಡಕ್ ರೊಟ್ಟಿ ಕಟ್ಟಿಕೊಟ್ಟು ಕೇಳಿದಳು, "ನಿಮ್ಮ ಊರಾಗ ಎಷ್ಟ ದಿನ ಇರಾಕಿ?" ಅಲ್ಲಿ ಇಳಿದು ಮನೆಯ ಹೊಸಿಲು ದಾಟುತ್ತಲೇ ಅಮ್ಮ ಕೇಳಿದರು, "ನಿನ್ನ ಊರಿಗೆ ವಾಪಸ್ ಯಾವಾಗ ಹೊರಡುವುದು?" ಅಡಿಗೆಮನೆಯಲ್ಲಿ ರೇಣುಕಾ ಕಾಲು ಮಡಚಿ ಕೂತು ಮೀನಿನ ಮುಳ್ಳು ಬಿಡಿಸುವುದನ್ನು ಕಲಿಯುತ್ತಿದ್ದಳು. ನಾನು ರೊಟ್ಟಿಯ ಗಂಟು ಬಿಚ್ಚಿದೆ. ಅಷ್ಟರಲ್ಲೇ ಮೆತ್ತಗಾಗಿತ್ತು. ಬಿಸಾಡಲಾ ಎಂದರು ಅಮ್ಮ. ಬೇಡ ಎಂದು ನಾನು, ರೇಣುಕಾ ಒಟ್ಟಿಗೇ ಕೈ ಚಾಚಿದೆವು.